ಕಾಫಿಗೆ ಬಂದವರು

೧೯೭೧ರ ಬೇಸಿಗೆ. ಮಿನಿಯಾಪೊಲಿಸ್‌ನ ಕಾಲೇಜಿನಿಂದ ರಜೆಗೆಂದು ಮನೆಗೆ ಬಂದ ನನಗೆ ಊರಿನ ವಾರಪತ್ರಿಕೆಯಲ್ಲಿ ಕೆಲಸ ಸಿಕ್ಕಿತು. ಬೆಳಗ್ಗೆ ಐದಕ್ಕೆ ಅಪ್ಪನ ಜೊತೆ ಹಸುಗಳ ಹಾಲು ಕರೆದು, ಕೊಟ್ಟಿಗೆಯ ವಾಸನೆ ಸೋಪಿಗೆ ಪೂರ್ತಿ ಸೋಲುವ ಮೊದಲೇ ಆಫೀಸಿಗೆ ಹೊರಡುತ್ತಿದ್ದೆ. ಸಂಪಾದಕ ಪ್ರೂಟ್ ಅವರು ಮೊದಲ ದಿನವೇ ಹೇಳಿಬಿಟ್ಟಿದ್ದರು:

"ಕಾಲೇಜಲ್ಲಿ ಕಲ್ತಿದ್ದನ್ನೆಲ್ಲ ಆ ಕೋಟಿನ ಗೂಟಕ್ಕೆ ನೇತುಹಾಕಿ ಬಾಮ್ಮ ಜೊಯಾನ್. ಇಲ್ಲಿ ಜನರ ಹೆಸರು ಬಿಟ್ಟುಹೋಗದ ಹಾಗೆ ನೋಡ್ಕೊಂಡ್ರೆ ಸಾಕು."

ಹೆಸರು ಎಂದರೆ ಹೋಬಳಿ ಸುದ್ದಿ. ಒಂದೊಂದು ಹೋಬಳಿಗೂ ಒಬ್ಬೊಬ್ಬ ಹೆಂಗಸು ವಾರವಾರ ಬರೆದು ಕಳಿಸುತ್ತಿದ್ದಳು. ಭಾನುವಾರ ಯಾರ ಮನೆಯಲ್ಲಿ ಯಾರು ಊಟ ಮಾಡಿದರು, ಯಾರ ಮನೆಗೆ ಯಾವ ನೆಂಟ ಬಂದ, ಯಾರು ಕಾಫಿಗೆ ಬಂದು ನಾಲ್ಕಕ್ಕೆ ಎದ್ದುಹೋದರು. ನಮ್ಮ ವಾಂಗ್ ಹೋಬಳಿಗೆ ಬರೆಯುತ್ತಿದ್ದವಳು ನನ್ನ ಅಜ್ಜಿ ಗುಡ್ರುನ್, ಮೂವತ್ತೊಂದು ವರ್ಷದಿಂದ. ಕಾಲೇಜಿನ ಗೆಳತಿಯರಿಗೆ ಇದನ್ನು ಓದಿ ತೋರಿಸಿ ನಗಿಸಿದ್ದೆ, ನಾನೂ ನಕ್ಕಿದ್ದೆ. ಆದರೆ ನಮ್ಮ ಕಡೆ ಜನ ಮೊದಲ ಪುಟ ಬಿಟ್ಟು ಈ ಪುಟವನ್ನೇ ಮೊದಲು ಬಿಡಿಸುತ್ತಾರೆ. ನಾಲ್ವರು ಊಟಕ್ಕೆ ಹೋಗಿ ಮೂವರ ಹೆಸರು ಬಂದರೆ ನಾಲ್ಕನೆಯವಳು ಕ್ರಿಸ್‌ಮಸ್‌ವರೆಗೂ ಮುಖ ಕೊಟ್ಟು ಮಾತಾಡುವುದಿಲ್ಲ.

ಆ ವರ್ಷ ಮಾರ್ಚ್‌ನಲ್ಲಿ ಆರ್ಡಿಸ್ ಎಂಬ ನಮ್ಮೂರ ಹೆಂಗಸು ತನ್ನ ಗಂಡನನ್ನು ಬಿಟ್ಟು ಇಬ್ಬರು ಹೆಣ್ಣುಮಕ್ಕಳ ಜೊತೆ, ಮುಚ್ಚಿಹೋದ ಬೆಣ್ಣೆ ಕಾರ್ಖಾನೆಯ ಪಕ್ಕದ ಬಾಡಿಗೆ ಮನೆಗೆ ಬಂದಿದ್ದಳು. ಗಂಡ ಲಾವೆಲ್ ಬ್ರೆಕ್ಕೆ. ಜಿಲ್ಲೆಯ ಅರ್ಧ ಟ್ರಾಕ್ಟರುಗಳು ಅವನ ಅಂಗಡಿಯವು. ಪತ್ರಿಕೆಯ ಕೊನೆಯ ಪುಟ ಪ್ರತಿ ವಾರ ಅವನ ಜಾಹೀರಾತಿನದು. ಒಂದು ಸಲ ಆರ್ಡಿಸಳ ಮಣಿಕಟ್ಟು ಮುರಿದಿದ್ದಾಗ ಮೆಟ್ಟಿಲಲ್ಲಿ ಜಾರಿದಳು ಎಂದಿದ್ದ. ಅವರ ಮನೆಗೆ ಮೆಟ್ಟಿಲೇ ಇರಲಿಲ್ಲ. ಅದು ಎಲ್ಲರಿಗೂ ಗೊತ್ತಿತ್ತು, ಎಲ್ಲರೂ ಹೌದೆಂದು ತಲೆಯಾಡಿಸಿದ್ದರು.

ಈಗ ಮಕ್ಕಳು ಯಾರ ಬಳಿ ಇರಬೇಕೆಂಬ ವಿಚಾರಣೆ ಜೂನ್ ಕೊನೆಯ ಸೋಮವಾರಕ್ಕೆ ಬಿದ್ದಿತ್ತು. ಬ್ರೆಕ್ಕೆಯ ವಕೀಲ ಕೋರ್ಟಿಗೆ ಬರೆದು ಕೊಟ್ಟಿದ್ದು ಒಂದೇ ಮಾತು: ಆ ಮನೆಗೆ ಮರ್ಯಾದಸ್ಥರು ಯಾರೂ ಕಾಲಿಡುವುದಿಲ್ಲ, ಮಕ್ಕಳು ಅಲ್ಲಿ ನಾಲ್ಕು ಜನರ ಮುಖ ಕಾಣದೆ ಬೆಳೆಯುತ್ತವೆ.

ಅದು ಸುಳ್ಳು. ಅಜ್ಜಿ ಪ್ರತಿ ಮಂಗಳವಾರ ಹೋಗುತ್ತಿದ್ದಳು. ಹೋಗಿದ್ದನ್ನು ತನ್ನ ಸುದ್ದಿಯಲ್ಲಿ ಬರೆಯುತ್ತಲೂ ಇದ್ದಳು. ಆದರೆ ಪ್ರೂಟ್ ಅವರ ನೀಲಿ ಪೆನ್ಸಿಲ್ ಮೂರು ವಾರ ಆ ಸಾಲನ್ನು ಹೊಡೆದುಹಾಕಿತ್ತು. ಊರಿಗೆ ಬೇರೆ ಪತ್ರಿಕೆ ಇರಲಿಲ್ಲ. ನ್ಯಾಯಾಧೀಶರೂ ಓದುವುದು ಇದನ್ನೇ.

"ಬಾಯಲ್ಲಿ ಹೇಳಿದ್ರೆ ಮುದುಕಿಗೆ ಅರಳು ಮರಳು ಅಂತಾರೆ ಕಣೇ," ಅಂದಳು ಅಜ್ಜಿ. "ಪೇಪರಲ್ಲಿ ಬಂದ್ರೆ ಆಯ್ತು, ನಡೆದಿದ್ದು ನಡೀತು. ಸೋಮವಾರಕ್ಕೆ ಮುಂಚೆ ಇನ್ನೊಂದೇ ಪೇಪರ್ ಇರೋದು."

ಮಂಗಳವಾರ ಸಂಜೆ ಅವಳ ಕಾಗದವನ್ನು ನಾನೇ ಟೈಪ್ ಮಾಡಿದೆ. ಪ್ರೂಟ್ ಅವರು ಕನ್ನಡಕ ಹಣೆಗೇರಿಸಿ ಓದಿ, ಪೆನ್ಸಿಲ್ ತೆಗೆದರು.

"ಸಾರ್, ಅದು ನಡೆದಿರೋ ಸಂಗತಿ. ಅಜ್ಜಿ ಹೋಗಿದ್ರು."

"ನಿಮ್ಮಜ್ಜಿ ಹಿತ್ತಲಿಗೂ ಹೋಗ್ತಾರೆ, ಅದನ್ನೂ ಹಾಕ್ಲಾ?"

"ಬೇರೆಯೋರ ಮನೆ ಕಾಫಿ ಹಾಕ್ತೀರಲ್ಲ?"

"ಬೇರೆಯೋರ ಗಂಡಂದಿರು ಕೊನೇ ಪುಟ ತಗೊಳ್ಳಲ್ಲ." ಸಾಲನ್ನು ಹೊಡೆದರು. ಕೆಟ್ಟ ಮನುಷ್ಯರೇನಲ್ಲ, ಹೊಡೆದ ಮೇಲೆ ನನ್ನ ಮುಖ ನೋಡಲಿಲ್ಲ. "ಸೆಪ್ಟೆಂಬರ್‌ಗೆ ನೀನು ಕಾಲೇಜಿಗೆ ಹೋಗ್ತೀಯ. ನಾನು ಇಲ್ಲೇ ಇರ್ಬೇಕು."

ನಮ್ಮಲ್ಲಿ ಅಚ್ಚಿನ ಯಂತ್ರ ಇರಲಿಲ್ಲ. ಸಾಲುಗಳನ್ನು ಉದ್ದುದ್ದ ಪಟ್ಟಿಗಳಾಗಿ ಕತ್ತರಿಸಿ, ಹಿಂದೆ ಮೇಣ ಸವರಿ, ದಪ್ಪ ಹಾಳೆಯ ಮೇಲೆ ಅಂಟಿಸಿ ಪುಟ ಕಟ್ಟುತ್ತಿದ್ದೆವು. ಬುಧವಾರ ಬೆಳಗ್ಗೆ ಆ ಹಾಳೆಗಳನ್ನು ಇಪ್ಪತ್ತಾರು ಮೈಲಿ ಆಚೆಯ ಮುದ್ರಣಾಲಯಕ್ಕೆ ಕಾರಿನಲ್ಲಿ ಒಯ್ಯುವುದು ನನ್ನ ಕೆಲಸ. ದಾರಿಯ ಮಧ್ಯೆ ಜೋಳದ ಹೊಲದ ಪಕ್ಕ ಕಾರು ನಿಲ್ಲಿಸಿದೆ. ಹೊಡೆದುಹಾಕಿದ್ದ ಆ ಸಾಲನ್ನು ಮತ್ತೆ ಟೈಪ್ ಮಾಡಿ, ಮೇಣ ಸವರಿದ್ದ ಪಟ್ಟಿ ನನ್ನ ಅಂಗಿಯ ಜೇಬಿನಲ್ಲಿತ್ತು. ಎರಡು ಸಾಲು. ಪುಟದಲ್ಲಿ ಕೂದಲೆಳೆಯಷ್ಟೂ ಜಾಗವಿರಲಿಲ್ಲ. ಒಂದನ್ನು ಹಾಕಬೇಕಾದರೆ ಇನ್ನೊಂದನ್ನು ಕೀಳಬೇಕು.

ಯಾರದ್ದನ್ನು ಕೀಳಲಿ? ಒಬ್ಬೊಬ್ಬರ ಹೆಸರಿನ ಮೇಲೂ ಬೆರಳಿಟ್ಟು ನೋಡಿದೆ. ಎಲ್ಲರೂ ಗುರುವಾರಕ್ಕಾಗಿ ಕಾದಿರುವವರು. ಕಡೆಗೆ ನಮ್ಮ ಮನೆಯ ಸುದ್ದಿಯ ಮೇಲೆ ಬೆರಳು ನಿಂತಿತು. ಅಮ್ಮನ ತಂಗಿ ಐರಿಸ್ ಹನ್ನೊಂದು ವರ್ಷದ ನಂತರ ಓರೆಗಾನ್‌ನಿಂದ ಬಂದಿದ್ದಳು. ಸರಿಯಾಗಿ ಎರಡು ಸಾಲು. ಉಗುರಿನಿಂದ ಎಬ್ಬಿಸಿದೆ. ಮೇಣ ಬಿಸಿಲಿಗೆ ಮೆತ್ತಗಾಗಿತ್ತು, ಸುಲಭವಾಗಿ ಬಂತು. ಆ ಜಾಗದಲ್ಲಿ ಆರ್ಡಿಸಳನ್ನು ಅಂಟಿಸಿ ಹೆಬ್ಬೆರಳಿನಿಂದ ಒತ್ತಿದೆ.

ಗುರುವಾರ ಮಧ್ಯಾಹ್ನ ಅಂಚೆಯವನು ಪೇಪರು ತಂದ. ಅಮ್ಮ ಕೈ ಒರೆಸಿಕೊಂಡು ಮೇಜಿನ ಮೇಲೆ ಬಿಡಿಸಿದಳು. ಚಿಕ್ಕಮ್ಮ ಹೆಗಲ ಮೇಲಿಂದ ಇಣುಕಿದಳು. ಎರಡು ಸಲ ಮೇಲಿಂದ ಕೆಳಗೆ ಓದಿದರು.

"ನನ್ ತಂಗಿ ಎಲ್ಲೇ?"

ಹೇಳಿದೆ. ಮುಚ್ಚಿಡಲಿಲ್ಲ.

"ಹನ್ನೊಂದು ವರ್ಷ!" ಅಮ್ಮನ ದನಿ ಏರಿತು. "ಮೂರು ಹಗಲು ಮೂರು ರಾತ್ರಿ ಬಸ್ಸಲ್ಲಿ ಕೂತ್ಕೊಂಡು ಬಂದಿದಾಳೆ. ಊರಲ್ಲಿ ಯಾರ ಮನೆಗೆ ಯಾರ ನಾಯಿ ಬಂತು ಅನ್ನೋದು ಬರುತ್ತೆ, ನನ್ ತಂಗಿ ಬಂದಿದ್ದು ಬರಲ್ಲ! ಎಲ್ಲಾ ಬಿಟ್ಟು ಅವಳಿಗೋಸ್ಕರ!"

"ಮಕ್ಕಳನ್ನ ಕಿತ್ಕೊಂಡುಬಿಡ್ತಾರಮ್ಮ."

"ಹಾಗಿದ್ರೆ ಬೇರೆಯವರದ್ದು ಕೀಳ್ಬೇಕಿತ್ತು!"

"ಬೇರೆಯವರದ್ದು ಕಿತ್ತಿದ್ರೆ ಕಳ್ಳತನ ಆಗ್ತಿತ್ತು ಡೆಲ್ಲಾ," ಅಂದಳು ಅಜ್ಜಿ, ಬಟಾಣಿ ಬಿಡಿಸುತ್ತ. "ಮನೇದೇ ತೆಗ್ದಿದಾಳೆ."

"ನೀವು ಸುಮ್ನಿರಿ ಅತ್ತೆ. ಇದಕ್ಕೆಲ್ಲ ಬೇರು ನೀವೇ."

ಚಿಕ್ಕಮ್ಮ ನಗುತ್ತಿದ್ದಳು. ಅದು ಅಮ್ಮನನ್ನು ಇನ್ನಷ್ಟು ಕೆರಳಿಸಿತು. ಅಷ್ಟರಲ್ಲಿ ಫೋನು ರಿಂಗಾಯಿತು.

ನಮ್ಮ ರಸ್ತೆಯ ಎಂಟು ಮನೆಗೂ ಒಂದೇ ತಂತಿ. ಒಂದು ಮನೆಗೆ ಕರೆ ಬಂದರೆ ಉಳಿದ ಮನೆಯವರು ಮೆಲ್ಲಗೆ ರಿಸೀವರ್ ಎತ್ತುವುದು ವಾಡಿಕೆ. ಎತ್ತಿದವರು ಹೆಚ್ಚಾದಷ್ಟೂ ದನಿ ಕ್ಷೀಣವಾಗುತ್ತದೆ. ಅಪ್ಪ ತೆಗೆದುಕೊಂಡ. ಬ್ರೆಕ್ಕೆ ಆ ಕಡೆಯಿಂದ ಕೂಗುತ್ತಿದ್ದುದು ನಮಗೂ ಕೇಳಿಸಿತು. ಹುಲ್ಲು ಕಟ್ಟುವ ನಮ್ಮ ಯಂತ್ರದ ಗೇರು ಮುರಿದು ನಾಲ್ಕು ದಿನವಾಗಿತ್ತು, ಹೊಸ ಗೇರು ಅವನ ಅಂಗಡಿಗೆ ಬಂದಿತ್ತು. ಕೊಯ್ದ ಹುಲ್ಲು ಹೊಲದಲ್ಲಿ ಬಿದ್ದಿತ್ತು, ಶನಿವಾರ ಮಳೆಯೆಂದು ರೇಡಿಯೋ ಹೇಳಿತ್ತು.

"ಗೇರು ಬೇಕಾದ್ರೆ ನಿನ್ ಮಗಳ ಕೈಲಿ ನ್ಯಾಯಾಧೀಶರಿಗೆ ಒಂದು ಕಾಗದ ಬರೆಸು. ಅದು ತಪ್ಪಾಗಿ ಬಿತ್ತು, ಅಂಥದ್ದೇನೂ ನಡೆದಿಲ್ಲ ಅಂತ. ನಿಮ್ಮ ಮುದುಕಿಗೂ ಹೇಳು, ಆ ಮನೆ ಕಡೆ ಹೋಗೋದು ಬೇಡ."

ಅಪ್ಪ ಕಿಟಕಿಯಿಂದ ಹುಲ್ಲಿನ ಕಡೆ ನೋಡಿದ. ಆಮೇಲೆ ನನ್ನ ಕಡೆ.

"ನಾನು ಬರೆಯಲ್ಲ ಅಪ್ಪ," ಅಂದೆ. "ಹುಲ್ಲೆಲ್ಲ ಹೋದ್ರೂ ಬರೆಯಲ್ಲ."

ಅಮ್ಮ ನಡುಮನೆ ದಾಟಿ ಬಂದು ಅಪ್ಪನ ಕೈಯಿಂದ ರಿಸೀವರ್ ಕಿತ್ತುಕೊಂಡಳು. ನನ್ನ ಮೇಲಿದ್ದ ಸಿಟ್ಟು ಅವಳಿಗೆ ಇಳಿದಿರಲಿಲ್ಲ. ಅದೇ ಸಿಟ್ಟು ಅಲ್ಲಿ ದಾರಿ ಕಂಡುಕೊಂಡಿತು.

"ಲಾವೆಲ್, ನಾನು ಡೆಲ್ಲಾ. ನನ್ನ ಮಗಳಿಗೆ ಬೈಯೋಕೆ ನಾನಿದೀನಿ, ಬೈತಾ ಇದೀನಿ, ನೀನು ಮಧ್ಯೆ ಬರ್ಬೇಡ. ನಮ್ಮತ್ತೆ ಎಲ್ಲಿ ಕಾಫಿ ಕುಡೀಬೇಕು ಅಂತ ನಲವತ್ತೈದು ವರ್ಷ ನಮ್ಮ ಮಾವನೇ ಹೇಳೋಕೆ ಆಗ್ಲಿಲ್ಲ, ನೀನ್ಯಾವೋನು? ಆ ಗೇರು ನಿನ್ನ ಕೊರಳಿಗೆ ನೇತುಹಾಕ್ಕೋ. ನಾಳೆ ಎರಡು ಗಂಟೆಗೆ ನಾನೂ ನನ್ನ ತಂಗೀನೂ ಆರ್ಡಿಸ್ ಮನೆಗೆ ಕಾಫಿಗೆ ಹೋಗ್ತೀವಿ." ಒಂದು ಕ್ಷಣ ಉಸಿರು ತೆಗೆದುಕೊಂಡಳು. "ತಂತಿ ಮೇಲೆ ಕೂತಿರೋರಿಗೂ ಹೇಳ್ತಿದೀನಿ. ಹಿಲ್ಡಾ, ನಿನ್ನ ಗಡಿಯಾರದ ಸದ್ದು ಕೇಳಿಸ್ತಾ ಇದೆ. ಎರಡು ಗಂಟೆಗೆ. ಕೇಕು ನಾನು ತರ್ತೀನಿ."

ಒಂದೊಂದೇ ರಿಸೀವರ್ ಕೆಳಗಿಟ್ಟ ಸದ್ದು ಕೇಳಿಸಿತು. ಅಪ್ಪ ಟೋಪಿ ಹಾಕಿಕೊಂಡು, ಅರವತ್ತು ಮೈಲಿ ದೂರದ ಇನ್ನೊಂದು ಅಂಗಡಿಗೆ ಪಿಕಪ್ ತೆಗೆದುಕೊಂಡು ಹೋದ. ಅಮ್ಮ ನನ್ನ ಕಡೆ ತಿರುಗಿ, "ನಿನ್ನ ಮೇಲಿನ ಸಿಟ್ಟು ಹಾಗೇ ಇದೆ," ಎಂದು ಹಿಟ್ಟಿನ ಡಬ್ಬ ಇಳಿಸಿದಳು.

ಶುಕ್ರವಾರ ಬೆಳಗ್ಗೆ ಪ್ರೂಟ್ ಅವರು ನನ್ನನ್ನು ಕೆಲಸದಿಂದ ತೆಗೆದರು. ಬೈಯಲಿಲ್ಲ. "ಅಂಟಿಸಿದ್ದು ಒಂಚೂರೂ ಓರೆಯಾಗಿಲ್ಲ," ಎಂದಷ್ಟೇ ಹೇಳಿದರು. ಮಧ್ಯಾಹ್ನ ಆರ್ಡಿಸಳ ಮನೆಗೆ ನಾನೂ ಹೋದೆ. ಅಮ್ಮ ಕಾರನ್ನು ಹಿಂದಿನ ಓಣಿಗೆ ಒಯ್ಯದೆ ಹೆದ್ದಾರಿಗೆ ಮುಖಮಾಡಿ ನಿಲ್ಲಿಸಿದಳು. ಆರ್ಡಿಸಳ ಬಳಿ ಇದ್ದದ್ದು ಆರು ಲೋಟ. ಎರಡೂಕಾಲಿನವರೆಗೆ ಯಾರೂ ಬರಲಿಲ್ಲ. ಅಮ್ಮ ಕೇಕಿನ ಮೇಲಿನ ಬಟ್ಟೆಯನ್ನು ತೆಗೆಯದೆ ಕುಳಿತಿದ್ದಳು. ಚಿಕ್ಕ ಹುಡುಗಿ ಎರಡು ಸಲ ಬಾಗಿಲಿಗೆ ಹೋಗಿ ಬಂದಳು. ಆಮೇಲೆ ಹಿಲ್ಡಾ ಬಂದಳು, ತಂತಿಯ ಮೇಲೆ ಕುಳಿತದ್ದಕ್ಕೆ ಸಾಕ್ಷಿ ಎಂಬಂತೆ ಮುಖ ಕೆಂಪಗೆ ಮಾಡಿಕೊಂಡು. ಅವಳ ಹಿಂದೆ ಇನ್ನಿಬ್ಬರು. ಮೂರು ಮನೆಯವರು. ಉಳಿದ ನಾಲ್ಕು ಮನೆಯವರು ಬರಲಿಲ್ಲ. ಅವರ ಹೆಸರು ನನಗೆ ಇವತ್ತಿಗೂ ನೆನಪಿದೆ.

ನಿಂತುಕೊಂಡೇ ಇದ್ದ ಆರ್ಡಿಸ್, ಮುರಿದು ಕೂಡಿಕೊಂಡ ಕೈಯಿಂದ ಲೋಟಗಳಿಗೆ ಕಾಫಿ ಸುರಿದಳು. ಸಾಲದೆ ಬಂದಾಗ ಮಕ್ಕಳ ಹಾಲಿನ ಲೋಟ ತೊಳೆದು ತಂದಳು.

"ಸೋಮವಾರ ನಿನ್ ಜೊತೆ ಯಾರ್ ಬರ್ತಿದಾರೆ?" ಅಮ್ಮ ಕೇಳಿದಳು.

"ವಕೀಲರು."

"ಅವರು ದುಡ್ಡಿಗೆ ಬರೋರು. ಬೇರೆ?"

ಆರ್ಡಿಸ್ ಖಾಲಿಯಾದ ಲೋಟ ತೆಗೆದುಕೊಂಡು ತೊಳೆಯಲು ಹೋದಳು.

ಸೋಮವಾರ ಕೋರ್ಟಿನ ಮುಂದಿನ ಬೆಂಚಿನಲ್ಲಿ ಚರ್ಚಿಗೆ ಹಾಕುವ ಟೋಪಿಗಳಲ್ಲಿ ಐದು ಹೆಂಗಸರು ಕುಳಿತಿದ್ದರು, ನಡುವೆ ನಾನು. ಐರಿಸ್ ಚಿಕ್ಕಮ್ಮ ಓರೆಗಾನ್ ಬಸ್ಸನ್ನು ಮೂರು ದಿನ ಮುಂದೂಡಿದ್ದಳು. ಬ್ರೆಕ್ಕೆಯ ವಕೀಲ ಎದ್ದು, ಆ ಮನೆಗೆ ಮರ್ಯಾದಸ್ಥರು ಯಾರೂ ಎಂದು ಶುರುಮಾಡಿದ. ನ್ಯಾಯಾಧೀಶರು ಕೈಯೆತ್ತಿ ಅವನನ್ನು ನಿಲ್ಲಿಸಿ, ಬೆಂಚಿನ ಕಡೆ ನೋಡಿದರು.

"ನೀವೆಲ್ಲ ಯಾರು?"

ಅಜ್ಜಿ ಎದ್ದು ನಿಂತಳು. ನಿಲ್ಲಲು ಸ್ವಲ್ಪ ಹೊತ್ತು ಹಿಡಿಯಿತು, ಯಾರೂ ಕೈ ಕೊಡಲು ಅವಳು ಬಿಡಲಿಲ್ಲ.

"ಬರ್ಕೊಳ್ಳಿ ಸ್ವಾಮಿ," ಅಂದಳು, "ಒಬ್ಬೊಬ್ಬರದ್ದೇ ಹೇಳ್ತೀನಿ. ಒಂದೂ ಬಿಡ್ಬೇಡಿ."