ಮುಂದೆ ಹೋಗಬೇಕಾದವನು

ಚಕ್ರವರ್ತಿಗೆ ಮೊದಲ ಏಟು ಕೊಟ್ಟವನು ಬಿಳಿಯರ ಪೊಲೀಸನಲ್ಲ, ಅವನ ಸ್ವಂತ ಪ್ರಾಣಸಂಗಾತಿ ಬೊವಾಡು. ದಿನಗಟ್ಟಲೆ ಊಟ ಬಿಟ್ಟು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ ದೊರೆಯನ್ನು ಬೇಡಿ, ಕಾಡಿ, ಕಾಲು ಹಿಡಿದು ಸಾಕಾಗಿ, ಕೊನೆಗೆ ಒದ್ದೆ ಬಟ್ಟೆಯನ್ನು ಹುರಿ ಮಾಡಿ ಬೆನ್ನ ಮೇಲೆ ಬಾರಿಸಿದ. ಒದ್ದೆ ಬಟ್ಟೆಯಾದರೆ ರಕ್ತ ಬರುವುದಿಲ್ಲ. ದೊರೆಯ ರಕ್ತ ನೆಲಕ್ಕೆ ಬಿದ್ದರೆ ಬೀಳಿಸಿದವನ ತಲೆ ಹೋಗುತ್ತದೆ, ಅದು ನಮ್ಮ ನಾಡಿನ ಕಟ್ಟಳೆ. ಆಮೇಲೆ ದವಡೆ ಹಿಸುಕಿ ಬಾಯಿ ಬಿಡಿಸಿ, ಕುಟ್ಟಿದ ಹಲಸುಗಾಯಿಯ ಮುದ್ದೆಯನ್ನು ಸಾರಿನಲ್ಲಿ ಅದ್ದಿ ಒಳಗೆ ತುರುಕಿದ.

ದೊರೆ ನಾನಾ ಜ್ವಾಮೆನಾ ಕೆಮ್ಮಿದ, ನುಂಗಿದ, ನಂತರ ನಕ್ಕ.

"ಹೊಡಿ, ಇನ್ನೂ ಹೊಡಿ. ನನ್ನ ಮೇಲೆ ಇಷ್ಟು ಅಕ್ಕರೆ ನಮ್ಮಮ್ಮನಿಗೂ ಇರ್ಲಿಲ್ಲ ಕಣೋ."

ಅಕ್ಕರೆಯ ಗುಟ್ಟು ಇಬ್ಬರಿಗೂ ಗೊತ್ತಿತ್ತು. ನಮ್ಮಲ್ಲಿ ದೊರೆಯಾದವನು, ತಾನು ಹುಟ್ಟಿದ ವಾರದಂದೇ ಹುಟ್ಟಿದ ಒಬ್ಬನನ್ನು ಆರಿಸಿ, ಎದೆಗೆ ಚಿನ್ನದ ಬಿಲ್ಲೆ ಕಟ್ಟಿ, ಇವನೇ ನನ್ನ ಪ್ರಾಣ ಎಂದು ಸಾರುತ್ತಾನೆ. ಬಿಲ್ಲೆ ಕಟ್ಟಿದವನ ಮೈಯನ್ನು ಯಾರೂ ಮುಟ್ಟುವಂತಿಲ್ಲ. ದೊರೆಯ ತಟ್ಟೆಯಲ್ಲೇ ಅವನಿಗೆ ಊಟ. ಆದರೆ ದೊರೆಯ ಉಸಿರು ನಿಂತ ಗಳಿಗೆಯಲ್ಲೇ ಅವನ ಕತ್ತೂ ಹೋಗಬೇಕು, ಆಚೆ ಲೋಕಕ್ಕೆ ದಾರಿ ತೋರಿಸಲು ಅವನು ಮುಂದೆ ಹೋಗಬೇಕು. ಕೊಬ್ಬಿಸಿದ ಕುರಿಗೂ ಇವನಿಗೂ ಏನು ವ್ಯತ್ಯಾಸ ಎಂದು ನಾಡಿನಲ್ಲಿದ್ದಾಗ ಯಾರೂ ಕೇಳಲಿಲ್ಲ, ಬೊವಾಡುವೂ ಕೇಳಿಕೊಳ್ಳಲಿಲ್ಲ.

ಬಿಳಿಯರು ನಾಡನ್ನು ಸುಟ್ಟು, ಚಕ್ರವರ್ತಿಯನ್ನು ಹಡಗಿಗೆ ಹಾಕಿ, ಸಮುದ್ರದ ನಡುವಿನ ಈ ದ್ವೀಪಕ್ಕೆ ತಂದು ಎಸೆದರು. ಜೊತೆಗೆ ಬಂದವರಲ್ಲಿ ಅರ್ಧ ಜನ ಜ್ವರಕ್ಕೆ ಸತ್ತರು. ರಾಣಿಯರು ಅತ್ತು ಕರೆದು ಊರಿಗೆ ಮರಳಿದರು. ತೆಂಗಿನ ತೋಪಿನ ತಗಡಿನ ಮನೆಯಲ್ಲಿ ಉಳಿದವರು ಮೂವರೇ: ದೊರೆ, ಅವನ ಪ್ರಾಣಸಂಗಾತಿ ಮತ್ತು ಅರಮನೆಯ ತಲೆ ಕಡಿಯುವವನು ಅಜೆಕುಮ್.

ಅಜೆಕುಮ್‌ನ ಕತ್ತಿಗಳನ್ನೆಲ್ಲ ಹಡಗು ಹತ್ತುವಾಗಲೇ ಕಿತ್ತುಕೊಂಡಿದ್ದರು. ಅವನು ಒಡೆದ ಪೀಪಾಯಿಯ ಕಬ್ಬಿಣದ ಪಟ್ಟಿಯನ್ನು ಬಂಡೆಗೆ ಉಜ್ಜಿ ಉಜ್ಜಿ ಹೊಸ ಚೂರಿ ಮಾಡಿಕೊಂಡ. ಕೈ ಮರೆಯಬಾರದೆಂದು ಆಗಾಗ ಮೇಕೆ ಕಡಿಯುತ್ತಿದ್ದ. ಮೊದಲು ಚೂರಿಯನ್ನು ಒಂದು ಕೆನ್ನೆಯಿಂದ ಇನ್ನೊಂದು ಕೆನ್ನೆಗೆ ತೂರಿಸುವುದು, ಸಾಯುವವನು ದೊರೆಗೆ ಶಾಪ ಹಾಕದಂತೆ ಬಾಯಿ ಕಟ್ಟುವುದು. ಕತ್ತು ಆಮೇಲೆ.

"ಮೇಕೆ ಶಾಪ ಹಾಕುತ್ತೇನಯ್ಯಾ?" ಎಂದು ಬೊವಾಡು ಒಮ್ಮೆ ಕೆಣಕಿದ.

"ಕ್ರಮ ಅಂದ್ರೆ ಕ್ರಮ," ಎಂದ ಅಜೆಕುಮ್, ರಕ್ತ ಒರೆಸಿಕೊಳ್ಳುತ್ತ. "ನಿನ್ನ ಸರದೀಲೂ ಅಷ್ಟೇ. ಒಂಚೂರೂ ಹೆಚ್ಚುಕಡಿಮೆ ಮಾಡಲ್ಲ, ಹೆದರಬೇಡ."

ಅವನು ತಮಾಷೆ ಮಾಡುತ್ತಿರಲಿಲ್ಲ. ಪಾಪ, ಅವನಿಗೆ ತಮಾಷೆಯೇ ಗೊತ್ತಿರಲಿಲ್ಲ.

ಬೊವಾಡುವಿಗೆ ಬದುಕುವ ಆಸೆ ಹತ್ತಿದ್ದು ಈ ದ್ವೀಪದಲ್ಲಿ. ಮೀನು ಮಾರುವ ಯೂಲಾಲಿ ಎಂಬವಳು ಅವನ ಹೆಂಡತಿಯಾದಳು, ಒಬ್ಬ ಮಗಳು ಹುಟ್ಟಿದಳು. ಪೊಲೀಸರಿಗೆ ಹೇಳಿ ಚೂರಿ ಹಿಡಿದ ಆ ಹುಚ್ಚು ಮುದುಕನನ್ನು ಒಳಗೆ ಹಾಕಿಸು ಎಂದು ಯೂಲಾಲಿ ದಿನಾ ಕಿವಿ ಹಿಂಡುತ್ತಿದ್ದಳು. ಅವಳಿಗೇನು ಗೊತ್ತು. ಕೊಟ್ಟ ಮಾತು ಬಿಟ್ಟು, ಸಾವಿಗೆ ಹೆದರಿ ಓಡಿದವನಿಗೆ ಸತ್ತ ಮೇಲೆ ಹಿರಿಯರ ನಡುವೆ ಕೂರಲು ಜಾಗವಿಲ್ಲ, ಅವನ ತಾಯಿಯ ಕುಲಕ್ಕೆಲ್ಲ ಮಸಿ. ದೊರೆಯೇ ಬಾಯಿ ಬಿಟ್ಟು 'ಹೋಗು' ಎನ್ನಬೇಕು. ಬೊವಾಡು ಮಗಳನ್ನು ಎತ್ತಿಕೊಂಡು ಹೋಗಿ ಅದನ್ನೇ ಕೇಳಿದ.

ನಾನಾ ಜ್ವಾಮೆನಾ ಮಗುವಿನ ಗಲ್ಲ ಸವರಿದ. "ಏಳು ರಾಜರು ನನ್ನ ಕಾಲಿಗೆ ಬೀಳ್ತಿದ್ರು. ಈಗ ನಂಗೆ ಉಳಿದಿರೋ ರಾಜ್ಯ ಅಂದ್ರೆ ನಿನ್ನ ಕತ್ತೊಂದೇ. ಅದನ್ನೂ ಬಿಟ್ಟುಕೊಡು ಅಂತೀಯಾ?"

ಅಂದಿನಿಂದ ಬೊವಾಡು ಬಿಡುಗಡೆ ಬೇಡುವುದನ್ನು ಬಿಟ್ಟ. ದೊರೆಗೆ ಬದುಕು ಬೇಡ, ತನಗೆ ಬೇಕು, ಹಾಗಾದರೆ ದೊರೆ ಬದುಕಲೇಬೇಕು. ಉಪವಾಸ ಬಿದ್ದರೆ ಹೊಡೆದು ಉಣ್ಣಿಸಿದ. ಹಗ್ಗ ಸಿಕ್ಕರೆ ಸುಟ್ಟ. ಜ್ವರ ಬಂದರೆ ಕೈಕಾಲು ಕಟ್ಟಿ ಕಷಾಯ ಹೊಯ್ದ. ವರ್ಷಗಳು ಹೀಗೆಯೇ ಉರುಳಿದವು. ತನಿಖೆಗೆ ಬರುತ್ತಿದ್ದ ಬಿಳಿ ಅಧಿಕಾರಿ ದುಂಡಗಾದ ದೊರೆಯನ್ನು ನೋಡಿ, ಇಂಥ ಸೇವಕ ಲೋಕದಲ್ಲೇ ಇಲ್ಲ ಎಂದು ಹೊಗಳಿ ಹೋಗುತ್ತಿದ್ದ.

ಒಂದು ಬೆಳಿಗ್ಗೆ ಅದೇ ಅಧಿಕಾರಿ ಬಂದು, ಸರ್ಕಾರದ ತೀರ್ಮಾನವಾಗಿದೆ, ದೊರೆ ಬದುಕಿರುವ ತನಕ ತಾಯ್ನಾಡಿಗೆ ಕಳಿಸುವ ಮಾತೇ ಇಲ್ಲ ಎಂದು ತಿಳಿಸಿದ. ನಾನಾ ಜ್ವಾಮೆನಾ ತಲೆಯಾಡಿಸಿದ. ಅಧಿಕಾರಿಯ ಕುದುರೆ ಮರೆಯಾಗುತ್ತಲೇ ಎದ್ದು ನೆಟ್ಟಗೆ ಸಮುದ್ರಕ್ಕೆ ಇಳಿದ.

ಬೊವಾಡು ಓಡಿ ಹೋಗಿ ಎದೆಮಟ್ಟದ ನೀರಿನಲ್ಲಿ ಅವನನ್ನು ಹಿಡಿದ. ದೊರೆ ಆ ದಿನ ನಗಲಿಲ್ಲ, ಬೊವಾಡುವಿನ ಕಿವಿ ಕಚ್ಚಿ ಅರ್ಧ ಹರಿದ. ಬೊವಾಡು ಮುಷ್ಟಿ ಬಿಗಿದು ಮುಖಕ್ಕೆ ಗುದ್ದಿದ. ಮುಂದಿನ ಹಲ್ಲು ಮುರಿದವು. ಮತ್ತೆ ಗುದ್ದಿದ. ಎಷ್ಟೋ ವರ್ಷದ ಭಯ, ಸಿಟ್ಟು ಎಲ್ಲ ಆ ಕೈಯಲ್ಲಿತ್ತು, ನಿಲ್ಲಿಸಬೇಕೆಂದರೂ ಅದು ನಿಲ್ಲಲಿಲ್ಲ. ದೊರೆಯ ತೋಳು ತಿರುಚಿ, ಕೂದಲು ಹಿಡಿದು, ಗರಗಸದಂಥ ಹವಳದ ಬಂಡೆಗಳ ಮೇಲೆ ದಡಕ್ಕೆ ಎಳೆದ. ದಡ ಮುಟ್ಟುವಷ್ಟರಲ್ಲಿ ತೋಳಿನ ಮೂಳೆ ಮುರಿದಿತ್ತು, ಒಂದು ಕಾಲಿನ ಮಾಂಸ ಎಲುಬಿನ ತನಕ ಕಿತ್ತು ಬಂದಿತ್ತು. ಮರಳು ಕೆಂಪಾಯಿತು.

ಅಜೆಕುಮ್ ದಡದಲ್ಲಿ ನಿಂತು ಎಲ್ಲವನ್ನೂ ನೋಡಿದ.

"ದೊರೆ ರಕ್ತ ಚೆಲ್ಲಿದೀಯ," ಎಂದ. "ಎದೆ ಮೇಲೆ ಆ ಬಿಲ್ಲೆ ಇರದಿದ್ರೆ ಇಲ್ಲೇ ಮುಗಿಸ್ತಿದ್ದೆ. ಇರ್ಲಿ, ದೊರೆ ಹೋಗೋ ದಿನ ಹೇಗೂ ನೀನು ನಂಗೇ ಸಿಗ್ತೀಯ."

ಹವಳದ ಗಾಯ ಕೊಳೆಯಿತು. ವೈದ್ಯ ಬಂದು ಕಾಲು ಕತ್ತರಿಸದಿದ್ದರೆ ಉಳಿಯುವುದಿಲ್ಲ ಎಂದ. ಅಂಗ ಊನವಾದವನು ನಮ್ಮಲ್ಲಿ ಪೀಠದ ಮೇಲೆ ಕೂರುವಂತಿಲ್ಲ. ಪೀಠ ಯಾವ ಲೋಕದಲ್ಲಿದೆಯೋ, ಆದರೂ ನಾನಾ ಜ್ವಾಮೆನಾ ಒಪ್ಪಲಿಲ್ಲ. ಬೊವಾಡು ಗಾಯ ತೊಳೆದ, ಹುಳು ಆಯ್ದ, ಸೊಪ್ಪು ಅರೆದು ಕಟ್ಟಿದ. ಬದುಕಿಸಲು ಎಳೆದು ತಂದವನೇ ಕೊಂದಂತಾಗಿತ್ತು. ದೊರೆಯನ್ನೂ, ತನ್ನನ್ನೂ. ಅಜೆಕುಮ್ ಹೊಸ್ತಿಲಲ್ಲಿ ಕೂತು ಚೂರಿ ಮಸೆಯತೊಡಗಿದ.

ಆ ಮಧ್ಯಾಹ್ನ ದೊರೆ ಇಬ್ಬರನ್ನೂ ಹತ್ತಿರ ಕರೆದ. ಕೋಣೆಯಲ್ಲಿ ನಾತ ತಡೆಯುವಂತಿರಲಿಲ್ಲ. ಬೊವಾಡು ಪಕ್ಕದಲ್ಲೇ ಒನಕೆ ಹಿಡಿದು ಹಲಸುಗಾಯಿ ಕುಟ್ಟುತ್ತಿದ್ದವನು ಎದ್ದು ನಿಂತ.

"ಇವನು ನನ್ನ ಹಲ್ಲು ಉದುರಿಸಿದ," ಎಂದ ದೊರೆ ಅಜೆಕುಮ್‌ಗೆ. "ನನ್ನ ರಕ್ತ ಚೆಲ್ಲಿದ. ಇಂಥೋನು ನನ್ನ ಪ್ರಾಣ ಹೇಗಾಗ್ತಾನೆ? ನಂಗಿಂತ ಮುಂದೆ ನಡೆಯೋ ಯೋಗ್ಯತೆ ಇವನಿಗಿಲ್ಲ. ಬಿಲ್ಲೆ ಬಿಚ್ಚು."

ಅಜೆಕುಮ್ ಬಿಲ್ಲೆ ಬಿಚ್ಚಿ ದೊರೆಯ ಅಂಗೈಯಲ್ಲಿಟ್ಟ. ಬೊವಾಡುವಿನ ಎದೆ ಹಗುರಾಯಿತು. ಬಿಡುಗಡೆ. ದೊರೆಯ ಬಾಯಿಂದಲೇ ಬಂದ ಬಿಡುಗಡೆ. ಕಾಲಿಗೆ ಬೀಳಲು ಬಾಗಿದ. ಆಗಷ್ಟೇ ಅಜೆಕುಮ್‌ನ ಕಣ್ಣು ಕಂಡಿತು, ಬಾಗಿದವನು ನೆಟ್ಟಗಾದ. ಬಿಲ್ಲೆ ಹೋದ ಮೇಲೆ ತಾನು ಯಾರ ಪ್ರಾಣವೂ ಅಲ್ಲ. ದೊರೆಯ ರಕ್ತ ಚೆಲ್ಲಿದ ಒಬ್ಬ ಅಪರಾಧಿ, ಅಷ್ಟೇ. ಇನ್ನು ದೊರೆ ಸಾಯುವ ತನಕ ಕಾಯುವ ಅಗತ್ಯವೂ ಇಲ್ಲ.

ಅಜೆಕುಮ್ ನುಗ್ಗಿದ. ಆ ಮುದುಕನ ಕೈ ಇನ್ನೂ ಮಿಂಚಿನಂತಿತ್ತು. ನೇರ ಕುತ್ತಿಗೆಗೆ ಬೀಸಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಜೀವಮಾನವಿಡೀ ಅವನ ಮುಂದೆ ಬಂದವರೆಲ್ಲ ಕೈ ಕಟ್ಟಿಸಿಕೊಂಡವರು. ಕಟ್ಟದೆ ನಿಂತವನಿಗೂ ಅವನು ಕ್ರಮ ತಪ್ಪಿಸಲಿಲ್ಲ, ಚೂರಿಯನ್ನು ಮೊದಲು ಕೆನ್ನೆಗೇ ತೂರಿಸಿದ. ಅದು ನಾಲಗೆಯನ್ನು ಸೀಳಿ ಇನ್ನೊಂದು ಕೆನ್ನೆಯಲ್ಲಿ ಹೊರಬಂತು. ಬೊವಾಡು ಹಲ್ಲು ಕಚ್ಚಿದ. ಚೂರಿ ದವಡೆಯಲ್ಲಿ ಸಿಕ್ಕಿಕೊಂಡಿತು. ಅಜೆಕುಮ್ ಎಳೆದ, ಬರಲಿಲ್ಲ. ಮೊದಲ ಬಾರಿಗೆ ಬೊವಾಡುವಿನ ಕತ್ತು ಸ್ವತಃ ಬೊವಾಡುವಿನದೇ ಆಗಿತ್ತು, ಅದನ್ನು ಕೊಡಲು ಅವನು ತಯಾರಿರಲಿಲ್ಲ. ಕೈಗೆ ಒನಕೆ ಸಿಕ್ಕಿತು. ಮೊದಲ ಏಟಿಗೆ ಮುದುಕನ ಭುಜ ಕುಸಿಯಿತು, ಎರಡನೆಯದಕ್ಕೆ ತಲೆ ಬಿರಿಯಿತು. ಆಮೇಲೂ ಬೊವಾಡು ಕುಟ್ಟುತ್ತಲೇ ಇದ್ದ, ಕುಟ್ಟಲು ಏನೂ ಉಳಿಯದ ತನಕ.

"ಸಾಕು," ಎಂದ ದೊರೆ. "ಅಂತೂ ಒಬ್ಬ ಮುಂದೆ ಹೋದ."

ಗಲಾಟೆ ಕೇಳಿ ಕಾವಲಿನ ಪೊಲೀಸರು ಓಡಿ ಬಂದರು, ಹಿಂದೆಯೇ ಅಧಿಕಾರಿ. ಬೊವಾಡುವಿನ ಕೈಯಲ್ಲಿ ಒನಕೆ, ಮುಖದಲ್ಲಿ ನೆಟ್ಟ ಚೂರಿ. ಕೊಲೆಗಾರ ಯಾರೆಂದು ಕೇಳುವ ಅಗತ್ಯವೇ ಇರಲಿಲ್ಲ. ದ್ವೀಪದಲ್ಲಿ ಕೊಲೆಗೆ ನೇಣು. ಪೊಲೀಸರು ಬೊವಾಡುವಿನ ತೋಳು ಹಿಡಿದರು. ಅಷ್ಟು ವರ್ಷ ದ್ವೀಪದ ಭಾಷೆಯನ್ನು ಬಾಯಿಗೆ ತರದಿದ್ದ ದೊರೆ, ಅಂದು ಆ ಭಾಷೆಯಲ್ಲೇ, ಹರಕುಮುರುಕಾಗಿ, ಅವರನ್ನು ತಡೆದ.

"ಬಿಡ್ರೋ ಅವನನ್ನ. ಕೊಂದಿದ್ದು ನಾನು."

ಈ ಮುರಿದ ಕೈಯಲ್ಲಿ ಕೊಂದೆಯಾ ಎಂದು ಅಧಿಕಾರಿ ನಕ್ಕ.

"ನನ್ನ ಕೈ ಯಾವತ್ತೂ ಯಾರನ್ನೂ ಕೊಂದಿಲ್ಲ. ಸಾವಿರ ಜನ ಸತ್ತಿದ್ದು ನನ್ನ ಮಾತಿಗೆ. ನೀವು ನನ್ನ ತಂದು ಇಲ್ಲಿ ಕೂರಿಸಿದ್ದೂ ಅದಕ್ಕೇ ತಾನೇ? ಇವನು ಬೀಸಿದ ಒನಕೆ ನನ್ನ ಮಾತು. ಬರ್ಕೋ."

ಅಧಿಕಾರಿ ಜೇಬಿನಿಂದ ಪುಸ್ತಕ ತೆಗೆದ. ಸಾಯುತ್ತಿರುವ ಚಕ್ರವರ್ತಿಯನ್ನು ನೇಣಿಗೆ ಹಾಕಲಾಗದು, ಅವನ ಮಾತು ಸುಳ್ಳೆಂದು ತೋರಿಸಲು ಹೋದರೆ ಇಲ್ಲದ ರಗಳೆ. ಅಲ್ಲದೆ ಚೂರಿ ಮೊದಲು ಹೊಕ್ಕಿದ್ದು ಬೊವಾಡುವಿನ ಮುಖಕ್ಕೆ ಎಂಬುದು ಕಣ್ಣಿಗೇ ಕಾಣುತ್ತಿತ್ತು. ಹೇಳಿದ್ದನ್ನು ಬರೆದುಕೊಂಡು ಹೊರಟುಹೋದ.

ವೈದ್ಯ ಚೂರಿ ಕಿತ್ತು ಕೆನ್ನೆ ಹೊಲಿದ. ಮನೆಗೆ ಬಾ ಎಂದು ಯೂಲಾಲಿ ಕೈ ಹಿಡಿದೆಳೆದರೂ ಬೊವಾಡು ದೊರೆಯ ಚಾಪೆ ಬಿಟ್ಟು ಏಳಲಿಲ್ಲ. ಇನ್ನು ಅಲ್ಲಿ ಅವನಿಗೆ ಯಾವ ಕೆಲಸವೂ ಇರಲಿಲ್ಲ. ಒಂದೇ ಒಂದು ಮಾತು ಕೇಳಬೇಕಿತ್ತು. ಬಿಲ್ಲೆ ಬಿಚ್ಚಿಸಿದ್ದು ನನ್ನನ್ನು ಉಳಿಸಲಿಕ್ಕೋ, ಕೊಲ್ಲಿಸಲಿಕ್ಕೋ? ಪೊಲೀಸರನ್ನು ತಡೆದದ್ದು ನನಗಾಗಿಯೋ, ಇನ್ನೊಮ್ಮೆ ಚಕ್ರವರ್ತಿಯಾಗಿ ಮಾತಾಡುವ ಆಸೆಗೋ? ಸೀಳಿದ ನಾಲಗೆ ಹೊರಳಲಿಲ್ಲ. ಬರೀ ಗೊರಗೊರ ಸದ್ದು, ಗಲ್ಲದ ಮೇಲೆ ರಕ್ತ.

ನಾನಾ ಜ್ವಾಮೆನಾ ಆ ಸದ್ದು ಕೇಳಿಸಿಕೊಂಡ. ಏನು ಕೇಳುತ್ತಿದ್ದಾನೆಂದು ಅವನಿಗೆ ಚೆನ್ನಾಗಿಯೇ ಗೊತ್ತಿತ್ತು, ದೊರೆಯ ಕಣ್ಣಿನಲ್ಲೇ ಅದು ಕಾಣುತ್ತಿತ್ತು. ಅಂಗೈಯಲ್ಲಿದ್ದ ಬಿಲ್ಲೆಯನ್ನು ಮುಚ್ಚಿ ಹಿಡಿದ. ಮಾರನೆಯ ದಿನ ಬೆಳಗ್ಗೆ ಹಾಗೆಯೇ ಬೊವಾಡುವನ್ನು ನೋಡುತ್ತ ನೋಡುತ್ತ ಸತ್ತ.

ಬೊವಾಡುವಿಗೆ ಅವನ ಮೇಲಿದ್ದ ಸಿಟ್ಟು ಒಂದು ಚೂರೂ ಕರಗಿರಲಿಲ್ಲ. ಆದರೂ ಆ ಮುರಿದ ಹಲ್ಲಿನ ಮುಖವನ್ನು ತೊಡೆಯ ಮೇಲಿಟ್ಟುಕೊಂಡು, ಹೊಲಿಗೆ ಬಿಚ್ಚುವ ಹಾಗೆ ಅತ್ತ.