ಮೈಸೂರಿನಲ್ಲಿ ಒಂದು ಊಟ

"ಇನ್ನೊಂದು ಸಲ ಹೇಳು," ಅಂದ ಅನೂಪ. ಆಟೋ ಅರಮನೆಯ ಕೋಟೆಗೋಡೆ ದಾಟಿ ಸರಸ್ವತೀಪುರಂ ಕಡೆಗೆ ತಿರುಗಿತ್ತು.

ರೇಖಾ ಶಾಲಿನೊಳಗಿಂದ ಕೈ ತೆಗೆಯದೆ ಪಾಠ ಒಪ್ಪಿಸಿದಳು. "ಯಂಗ ಸಿದ್ದಾಪುರದ ಬದಿಯವು. ಅಪ್ಪಯ್ಯ ತೀರ್ಕಂಡ. ಆಯಿ ಮನೇಲಿ ಇದ್ದು."

"ಆತು. ಉದ್ದ ಮಾಡ್ಬೇಡ. ಕೇಳಿದ್ದಕ್ಕೆ ಮಾತ್ರ ಹೇಳು."

ಅವಳ ಆಯಿ ಗಂಗಿ ಅಷ್ಟು ಹೊತ್ತಿಗೆ ಭಟ್ಕಳದ ಮಾರ್ಕೆಟ್ಟಿನಲ್ಲಿ ಬುಟ್ಟಿ ಇಳಿಸಿ ಬಂಗಡೆ ಮೀನು ಮಾರುತ್ತಿದ್ದಳು. ಮಗಳು ಟ್ರೈನಿಂಗಿಗೆ ಹೋಗಿದ್ದಾಳೆ ಎಂದು ನಂಬಿದ್ದಳು. ಅನೂಪ, ರೇಖಾ ಇಬ್ಬರೂ ಹೊನ್ನಾವರದ ಒಂದು ಸೊಸೈಟಿಯಲ್ಲಿ ಗುಮಾಸ್ತರು. ದೀಪಾವಳಿಗೆ ಮುಂಚೆ ಕುಮಟಾದಲ್ಲಿ ರಿಜಿಸ್ಟರ್ ಮದುವೆಯಾಗಿ, ಕಚೇರಿಯ ಮೆಟ್ಟಿಲಿಳಿದು, ಅವನು ತನ್ನ ಮನೆಯ ಬಸ್ಸು ಹತ್ತಿದ್ದ, ಇವಳು ಶಿರಾಲಿಯ ಬಸ್ಸು ಹತ್ತಿದ್ದಳು. ಅಂದಿನಿಂದ ಗಂಡ ಹೆಂಡತಿ ಒಟ್ಟಿಗೆ ಹೊರಟಿದ್ದು ಇದೇ ಮೊದಲು. "ಮಾಗಿ ಚಳಿಗೆ ಮೈಸೂರು ನೋಡುವಾ, ನಾವಿಬ್ಬರೇ" ಎಂದಿದ್ದ. ಭಟ್ಕಳದ ಅಂಗಡಿಯವನು ಅಟ್ಟದಿಂದ ಧೂಳು ಕೊಡವಿ ತೆಗೆದುಕೊಟ್ಟ ಕೆಂಪು ಸ್ವೆಟರು ಹಾಕಿಕೊಂಡು ಅವಳು ಹೊರಟಿದ್ದಳು. ಸೋದರತ್ತೆಯ ಮನೆಯ ಊಟದ ವಿಷಯ ಅವನು ಬಾಯಿಬಿಟ್ಟಿದ್ದು ಬಸ್ಸು ಘಟ್ಟ ಹತ್ತಿದ ಮೇಲೆ. ಮದುವೆಯಾಗಬೇಕೆಂದಿರುವ ಹುಡುಗಿ ಎಂದಷ್ಟೇ ಅತ್ತೆಗೆ ಹೇಳಿದ್ದ. ಅವರು ಹ್ಞೂಂ ಅಂದರೆ ಮನೆಯಲ್ಲಿ ಯಾರೂ ಉಸಿರೆತ್ತುವುದಿಲ್ಲ. ಮೊದಲು ಒಪ್ಪಲಿ, ನಿಜ ಆಮೇಲೆ ಹೇಳಿದರಾಯಿತು. ಎರಡು ತಿಂಗಳಿಂದ ಅವನು ತಮಾಷೆಗೆಂದು ಕಲಿಸುತ್ತಿದ್ದ ತನ್ನ ಜಾತಿಯ ಮನೆಮಾತು ಯಾಕೆಂದು ಅವಳಿಗೆ ಆಗ ಗೊತ್ತಾಯಿತು.

ಸೋದರತ್ತೆ ಪರಮೇಶ್ವರಿ ಬಾಗಿಲಲ್ಲೇ ನಿಂತಿದ್ದರು. ಗಂಡ ಹೋದವರು, ಮಕ್ಕಳಿಲ್ಲ. ಅನೂಪನನ್ನು ಓದಿಸಿದ್ದೇ ಅವರು.

"ಬಾರೆ ತಂಗಿ. ಎಂತಾ ಚಳಿ ಅಲ್ದನೇ!" ಅವಳನ್ನು ಮೇಲಿಂದ ಕೆಳಗೆ ನೋಡಿ ನಕ್ಕರು. "ಯಂಗಳ ಬದಿ ಕೂಸು ಹೇಳಿ ನೋಡಿರೇ ಗೊತ್ತಾಗ್ತು. ಮಾಣಿ, ನಿನ್ನ ಬರೀ ದಡ್ಡ ಹೇಳಿ ತಿಳ್ಕಂಡಿದ್ದಿ. ಅಡ್ಡಿಲ್ಲೆ, ಕಣ್ಣಿದ್ದು ನಿಂಗೆ."

ಅನೂಪ ಕಿವಿಯವರೆಗೆ ಕೆಂಪಾದ. ರೇಖಾ ಕೇಳಿದ್ದಕ್ಕೆ ಮಾತ್ರ ಹೇಳಿದಳು. ಒಂದು ಅಕ್ಷರ ಜಾರಲಿಲ್ಲ. ಎಲೆ ಹಾಕುವ ಹೊತ್ತಿಗೆ ಅತ್ತೆ ಅವಳ ಬೆನ್ನು ಸವರಿ, "ನಾಚಿಕೆ ಮಾಡ್ಕಳಡ, ಹೊಟ್ಟೆ ತುಂಬ ಉಣ್ಣು" ಅಂದರು. ಬೆನ್ನ ಮೇಲಿನ ಆ ಕೈಗೆ ರೇಖಾಳ ಮನಸ್ಸು ಹಗುರಾಯಿತು. ಹಗುರಾದದ್ದೇ ತಪ್ಪಾಯಿತು.

ಅನ್ನಕ್ಕೆ ಹುಳಿ ಕಲಸಿ ಎರಡನೆಯ ತುತ್ತೆತ್ತಿದ್ದಳು. ಸೌಟು ಹಿಡಿದು ಬಂದ ಅತ್ತೆ ಹಾಗೇ ನಿಂತರು. ಅವರ ಕಣ್ಣು ರೇಖಾಳ ಬಲಗೈ ಮೇಲಿತ್ತು.

"ಅದರಲ್ಲಿ ಮುಳ್ಳಿಲ್ಲ," ಅಂದರು. "ಧೈರ್ಯವಾಗಿ ಊಟ ಮಾಡಿ."

ಸಿಟ್ಟಿರಲಿಲ್ಲ. ಮೈಸೂರಿನಲ್ಲಿ ಹೊರಗಿನವರ ಜೊತೆ ಆಡುವ ಕನ್ನಡ, ಬಹುವಚನ.

ರೇಖಾ ತನ್ನ ಕೈ ನೋಡಿಕೊಂಡಳು. ಹೆಬ್ಬೆರಳು ತುತ್ತನ್ನು ಉಳಿದ ಬೆರಳುಗಳ ಮೇಲೆ ಒತ್ತಿ ಒತ್ತಿ ತಡಕುತ್ತಿತ್ತು. ಬಾಯಿಗಿಡುವ ಮೊದಲು ಮುಳ್ಳುಂಟಾ ಎಂದು ಬೆರಳಿಗೆ ಕೇಳು ಎಂದು ಆಯಿ ಹೇಳಿಕೊಟ್ಟದ್ದು ಅವಳಿಗೆ ಹಲ್ಲು ಮೂಡಿದ ಕಾಲದಲ್ಲಿ. ಮೀನಿರಲಿ ಬಿಡಲಿ, ಅವಳ ಮನೆಯವರೆಲ್ಲ ಉಣ್ಣುವುದೇ ಹಾಗೆ.

ಅವಳು ಅನೂಪನ ಕಡೆ ನೋಡಿದಳು. ಒಂದು ಮಾತು ಸಾಕಿತ್ತು.

"ಅತ್ತೆ, ಯನಗೂ ಗೊತ್ತಿತ್ತಿಲ್ಲೆ," ಅಂದ ಅವನು. "ಇದು ಯನ್ನ ಹತ್ರನೂ ತಾನು ಭಟ್ರ ಮಗಳು ಹೇಳಿಯೇ ಹೇಳಿತ್ತು."

ಅತ್ತೆ ಅವನ ಎಲೆಗೆ ಬಗ್ಗಿ ತುಪ್ಪ ಹಾಕಿದರು. ರೇಖಾ ಏಳಹೋದಳು. "ಕೂತ್ಕೊಳ್ಳಿ. ಎಲೆ ಮುಂದಿಂದ ಯಾರನ್ನೂ ಎಬ್ಬಿಸಿದ ಮನೆಯಲ್ಲ ಇದು." ಅವಳ ಎಲೆಗೆ ಮಜ್ಜಿಗೆಯನ್ನು ಮೊಳದೆತ್ತರದಿಂದ ಸುರಿದರು. ಅನ್ನದಿಂದ ಚಿಮ್ಮಿ ಸ್ವೆಟರಿನ ಮೇಲೆ ಬಿತ್ತು. ರೇಖಾ ಬೆರಳು ಅಲ್ಲಾಡಿಸದೆ ಅನ್ನವನ್ನು ಬಾಯಿಗೆ ತುಂಬಿ ತುಂಬಿ ನುಂಗಿದಳು. ಮುಗಿದ ಮೇಲೆ ಅನೂಪನ ಎಲೆ ಅತ್ತೆ ತೆಗೆದರು.

"ನಿಮ್ಮದು ನೀವೇ ತಗೊಳ್ಳಿ. ಹಿಂದಿನ ಬಾಗಿಲು ಆ ಕಡೆ."

ಗೇಟಿನ ಹೊರಗೆ ಅವಳು ಬಹಳ ಹೊತ್ತು ನಿಂತಳು. ಅನೂಪ ಬಂದಾಗ ಅವನ ಕೈಯಲ್ಲಿ ಅತ್ತೆ ಕೊಟ್ಟ ಎಳ್ಳುಂಡೆಯ ಡಬ್ಬವಿತ್ತು.

"ಎಂತ ಮಾಡುದು ಮಾರಾಯ್ತಿ, ಬಾಯಿಗೆ ಬಂದದ್ದು ಹೇಳ್ದೆ. ನೀನೂ ಹಾಗೇ, ಎರಡು ತಿಂಗ್ಳು ಕಲ್ಸಿದ್ದು ಎರಡು ತುತ್ತಿಗೆ ಹಾಳು ಮಾಡ್ದೆ."

"ಮದುವೆ ಆದದ್ದು ಹೇಳಿದ್ಯಾ?"

"ಈಗ ಎಂತಕ್ಕೆ? ಅವ್ರಿಗೆ ನನ್ ಮೇಲೆ ಸಿಟ್ಟಿಲ್ಲ." ಒಂದು ಉಂಡೆ ಮುರಿದು ಬಾಯಿಗೆ ಹಾಕಿಕೊಂಡ. ಸ್ವಲ್ಪ ದೂರ ನಡೆದ ಮೇಲೆ ಕೇಳಿದ, "ನಿನ್ ಬದಿಯಿಂದ ಕುಮಟಾಕ್ಕೆ ಸಾಕ್ಷಿಗೆ ಬಂದಿದ್ನಲ್ಲ, ಉದಯ. ಅವ ಎಲ್ಲೂ ಬಾಯಿ ಬಿಡುದಿಲ್ಲ ಅಲ್ವಾ?"

ರೇಖಾ ಅವನ ಮುಖ ನೋಡಿದಳು. ಹಲ್ಲಿನ ಸಂದಿಯ ಎಳ್ಳನ್ನು ನಾಲಗೆಯಿಂದ ತೆಗೆಯುತ್ತಿದ್ದ.

"ಬಿಡುದಿಲ್ಲ," ಅಂದಳು.

"ಹಾಗಾದ್ರೆ ತಲೆಬಿಸಿ ಇಲ್ಲ. ಬಂದದ್ದು ಬಂದಾತು, ಅರಮನೆ ದೀಪ ನೋಡ್ಕಂಡೇ ಹೋಗುವಾ."

ಭಾನುವಾರವಾದ್ದರಿಂದ ಅರಮನೆಯ ಮುಂದೆ ಜನವೋ ಜನ. ಕತ್ತಲಾಗುತ್ತಲೇ ದೀಪಗಳು ಒಮ್ಮೆಗೇ ಹತ್ತಿಕೊಂಡವು. ಅಷ್ಟೂ ಜನ ಹೋ ಎಂದರು, ಅನೂಪನೂ ಹೋ ಎಂದ. ಫೋನು ತೆಗೆದು ಅವಳ ಕೈಗೆ ಕೊಟ್ಟ.

"ನಂದೊಂದು ತೆಗೆ. ಅರಮನೆ ಪೂರ್ತಿ ಬರ್ಬೇಕು."

ಅವಳು ಫೋನು ಎತ್ತಿದಳು. ಹಿಂದೆ ಹೋಗು ಎಂದು ಅವನು ಕೈಸನ್ನೆ ಮಾಡಿದ. ಹೋದಳು. ಇನ್ನೂ ಹಿಂದೆ ಎಂದ. ಅವರ ನಡುವೆ ಯಾವುದೋ ಶಾಲೆಯ ಮಕ್ಕಳು ಹಾದುಹೋದರು, ಬಲೂನಿನವನೊಬ್ಬ ಬಂದು ನಿಂತ. ಪರದೆಯಲ್ಲಿ ಗೋಪುರಗಳು ಒಂದೊಂದಾಗಿ ಒಳಗೆ ಬಂದವು, ಕೊನೆಗೆ ಅರಮನೆ ಪೂರ್ತಿ ಬಂತು. ಅದರ ಬುಡದಲ್ಲಿ ಅನೂಪ ಉಗುರಿನಷ್ಟಾಗಿದ್ದ. ಈಗ ಅವನು ಕೈಸನ್ನೆ ನಿಲ್ಲಿಸಿ ಎದೆಯ ಮೇಲೆ ಕೈಕಟ್ಟಿ ಫೋಟೋಗೆ ನಗುತ್ತ ನಿಂತಿದ್ದ.

ರೇಖಾ ಇನ್ನೊಂದು ಹೆಜ್ಜೆ ಹಿಂದಿಟ್ಟಳು. ಆಮೇಲೆ ಇನ್ನೊಂದು.