ಹೊರೇಸನ ಬೋಗಿಗಳ ಹೊಸ ಕೊಂಡಿ

ಚರ್ಚಿನ ಸಭಾಂಗಣದ ತುಂಬ ಚಹಾದ ಕಪ್ಪುಗಳ ಸದ್ದು. ಕ್ಲೆಮೆಂಟ್ ಮಾತ್ರ ತನ್ನ ಕಪ್ಪನ್ನು ಮುಟ್ಟಿರಲಿಲ್ಲ.

ಎದುರಿನ ಮೇಜುಗಳ ಮೇಲೆ ಇಂಗ್ಲೆಂಡಿನ ಯಾರ್ಕ್‌ಶೈರಿನ ಆ ಊರಿನ ಮಾದರಿ ರೈಲು ಸಂಘದವರು ಕಟ್ಟಿದ ಪುಟ್ಟ ರೈಲುಹಾದಿ. ಎಂಜಿನ್ನಿನ ಹಿಂದೆ ಗೆಳೆಯ ಹೊರೇಸನ ಆರು ಬೋಗಿಗಳು. ಹನ್ನೊಂದು ಚಳಿಗಾಲ ಹಿತ್ತಾಳೆ ಕೊಯ್ದು, ಬಣ್ಣ ಬಳಿದು ಅವನ್ನು ಮಾಡಿದ ಹೊರೇಸ್ ಈಸ್ಟರಿಗೆ ಮುಂಚೆ ದೇವರ ಪಾದ ಸೇರಿದ್ದ. ಅವನ ಹೆಂಡತಿ ಮ್ಯೂರಿಯಲ್ ಪೆಟ್ಟಿಗೆಯನ್ನು ಕ್ಲೆಮೆಂಟನ ಕೈಗಿಟ್ಟು, "ಹಳೇ ಕೊಂಡಿ ಸವೆದು ಹೋಗಿವೆ, ಹೊಸದು ಹಾಕ್ಕೊಡು. ಪ್ರದರ್ಶನದ ದಿನ ಒಂದ್ಸಲ ಓಡೋದನ್ನ ನೋಡ್ಬೇಕು ನಾನು" ಎಂದಿದ್ದಳು.

ಕ್ಲೆಮೆಂಟ್ ಪೂಜೆಯ ಕೆಲಸವೆಂಬಂತೆ ಮಾಡಿದ್ದ. ಆದರೆ ಬೋಗಿ ಬೋಗಿಗಳ ನಡುವೆ ಸಂದು ಕಂಡರೆ ಅವನಿಗಾಗದು. ಬೋಗಿಗಳ ತುದಿಯಲ್ಲಿ ಡಿಕ್ಕಿ ತಡೆಯುವ ಬಫರುಗಳು ಒಂದಕ್ಕೊಂದು ಮುತ್ತಿಡುವಷ್ಟು ಹತ್ತಿರ ಎಳೆದು ಕೊಂಡಿಗಳನ್ನು ಬಿಗಿದಿದ್ದ. ಅವನ ಇಕ್ಕಟ್ಟಾದ ಶೆಡ್ಡಿನಲ್ಲಿ ಹಿಡಿಸುವುದು ನೇರ ಹಳಿ ಮಾತ್ರ. ಅದರ ಮೇಲೆ ಬೆಣ್ಣೆಯಂತೆ ಜಾರಿದ್ದವು.

ಇಲ್ಲಿಗೆ ಬಂದು, ಎರಡು ಮೇಜುಗಳ ನಡುವಿನ ತೆರಪಿಗೆ ಸಂಘದ ಡೆಸ್ಮಂಡ್ ಹೊಸದಾಗಿ ಕಟ್ಟಿದ ಎತ್ತರದ ಸೇತುವೆಯ ತಿರುವನ್ನು ಕಂಡಾಗಲೇ ಅವನಿಗೆ ತನ್ನ ತಪ್ಪು ಹೊಳೆಯಿತು. ತಿರುವಿನಲ್ಲಿ ಬಫರುಗಳು ಒಂದನ್ನೊಂದು ಒತ್ತುತ್ತವೆ. ಬೋಗಿ ಹಳಿಯಿಂದ ಮೇಲೇಳುತ್ತದೆ. ಕೆಳಗೆ ಕಲ್ಲಿನ ನೆಲ.

"ಡೆಸ್ಮಂಡ್, ಸೇತುವೆಗೆ ತಡೆಗೋಡೆ ಇಲ್ವಲ್ಲೋ?"

"ಅಂಟು ಒಣಗ್ಲಿಲ್ಲ ಮಾರಾಯಾ. ಮುಖ ಯಾಕೆ ಹಾಗೆ ಬಿಳಿಚ್ಕೊಂಡಿದೆ? ನನ್ನ ಸೇತುವೆ ನೋಡಿ ಹೊಟ್ಟೆಕಿಚ್ಚಾ?"

ಮುಂದಿನ ಸಾಲಿನಲ್ಲಿ ಮ್ಯೂರಿಯಲ್, ಕೊರಳಲ್ಲಿ ಹೊರೇಸನ ಮಫ್ಲರ್. ಹೇಳಿಬಿಡಬೇಕು. ಆದರೆ ಅವಳೆದುರು, ಇಷ್ಟು ಜನರೆದುರು? ಕರ್ತನೇ, ಒಂದೇ ಒಂದು ಸುತ್ತು ದಾಟಿಸು ಎಂದು ಬೇಡಿಕೊಂಡ.

ಡೆಸ್ಮಂಡ್ ಗುಂಡಿ ತಿರುಗಿಸಿದ. ರೈಲು ನಿಲ್ದಾಣ ಬಿಟ್ಟಿತು, ಸುರಂಗ ಹೊಕ್ಕು ಹೊರಬಂತು, ಸೇತುವೆ ಏರಿತು. ಮೊದಲ ಬೋಗಿ ತಿರುಗಿತು. ಎರಡನೆಯದೂ ತಿರುಗಿತು. ಟಿಕ್, ಟಿಕ್ ಎಂದು ಲೋಹಕ್ಕೆ ಲೋಹ ತಾಗುವ ಸದ್ದು. ಮೂರನೆಯದರ ಚಕ್ರ ಹಳಿ ಬಿಟ್ಟದ್ದು ಅವನ ಕಣ್ಣಿಗೆ ಬಿತ್ತು.

"ನಿಲ್ಸೋ! ನಿಲ್ಸೋ ಡೆಸ್ಮಂಡ್!"

ಎಪ್ಪತ್ತರ ಮಂಡಿ ಮರೆತು ಅವನು ಸೇತುವೆಯ ಬುಡದಲ್ಲಿ ಮೊಣಕಾಲೂರಿದ್ದ. ಚರ್ಚಿನಲ್ಲಿ ಪ್ರಭುಭೋಜನದ ಪವಿತ್ರ ರೊಟ್ಟಿಗೆ ಒಡ್ಡುವಂತೆ ಎರಡೂ ಅಂಗೈ ಜೋಡಿಸಿ ಒಡ್ಡಿದ. ಕೊಂಡಿ ಕಳಚಿದ ಬೋಗಿ ಅಂಗೈಗೇ ಬಿತ್ತು. ರೈಲು ನಿಂತಿತು.

ಮ್ಯೂರಿಯಲ್ ಬಂದು ಎದುರು ನಿಂತಳು.

"ತಪ್ಪು ನಂದೇ, ಮ್ಯೂರಿಯಲ್. ಚೆಂದ ಕಾಣ್ಲಿ ಅಂತ ತೀರಾ ಹತ್ತಿರ ಬಿಗಿದೆ. ಹೊರಡೋಕೆ ಮುಂಚೇನೇ ಗೊತ್ತಾಗಿತ್ತು. ಹೇಳೋಕೆ ಹೆದರಿದೆ."

ಅವಳು ಬೋಗಿ ತೆಗೆದುಕೊಂಡು ಒಂದೊಂದೇ ಕಿಟಕಿಯನ್ನು ಬೆರಳಲ್ಲಿ ಸವರಿ ನೋಡಿದಳು.

"ಸ್ಕ್ರೂಡ್ರೈವರ್ ತಂದಿದ್ದೀಯಾ?"

"ತಂದಿದ್ದೀನಿ."

"ಹಾಗಾದ್ರೆ ಏಳು. ಸಡಿಲ ಮಾಡು. ನಾನಿನ್ನೂ ಪೂರ್ತಿ ಸುತ್ತು ನೋಡಿಲ್ಲ."

ಸ್ಕ್ರೂಡ್ರೈವರಿನ ತುದಿ ತಿರುಪಿನ ಗೀರಿನಿಂದ ಜಾರುತ್ತಲೇ ಇತ್ತು. ಅವಳು ಬೋಗಿಯನ್ನು ಎರಡೂ ಕೈಯಲ್ಲಿ ಅಲುಗದಂತೆ ಹಿಡಿದಳು. ಅಷ್ಟರಲ್ಲಿ ಡೆಸ್ಮಂಡ್ ಚರ್ಚಿನೊಳಗಿಂದ, ಪ್ರಾರ್ಥನೆಗೆ ಮೊಣಕಾಲೂರುವ ಮೆತ್ತೆಗಳನ್ನು ತೋಳ್ತುಂಬ ಹೊತ್ತು ತಂದು, ಸೇತುವೆಯ ಉದ್ದಕ್ಕೂ ಕಲ್ಲಿನ ನೆಲದ ಮೇಲೆ ಹಾಸತೊಡಗಿದ. ಒಂದು ಕೊಂಡಿ ಸಡಿಲವಾಯಿತು. ಬೋಗಿಗೆ ಎರಡರಂತೆ ಇನ್ನೂ ಹನ್ನೊಂದು ಇದ್ದವು.